ಅಂಗಡಿ ಗಾಜಿನ ಗೆರೆ ಮತ್ತು ಗಂಗೊಳ್ಳಿ ಬಸ್ಸು

ಗಾಜು, ಫಿಲ್ಮು ಹಾಗೂ ಗೆರೆ ನಿಯಂತ್ರಣ ವಿಭಾಗ
(ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ವಲಯ)

ಸಂಖ್ಯೆ: ಗಾ.ಫಿ.ಗೆ/ಬೈಂ/ಸು-3/2013-14
ದಿನಾಂಕ: ಸಹಿ ಬಿದ್ದ ದಿನ

ಸುತ್ತೋಲೆ

ವಿಷಯ: ದೊಡ್ಡ ಅಂಗಡಿ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವಾಗ ಜೋಡಣೆ ಗೆರೆಯು ಎಲ್ಲಿ ಬರತಕ್ಕದ್ದು ಮತ್ತು ಎಲ್ಲಿ ಬರತಕ್ಕದ್ದಲ್ಲ ಎಂಬ ಬಗ್ಗೆ.

ಉಲ್ಲೇಖ:
(1) ಈ ಕಚೇರಿಯ ಸುತ್ತೋಲೆ-1 (ಅಡ್ಡ ಗೆರೆ). ಹಿಂಪಡೆಯಲಾಗಿದೆ.
(2) ಈ ಕಚೇರಿಯ ಸುತ್ತೋಲೆ-2 (ಉದ್ದ ಗೆರೆ). ಈ ಮೂಲಕ ಹಿಂಪಡೆಯಲಾಗುತ್ತಿದೆ.
(3) ಬೈಂದೂರಿನ ಮೀನು ವ್ಯಾಪಾರಿ ಶ್ರೀಮತಿ ಅಮ್ಮಣ್ಣಿ ಅವರ ಬಾಯಿಮಾತಿನ ದೂರು.
(4) ಗಂಗೊಳ್ಳಿಗೆಂದು ಹೊರಟು ಕೊಲ್ಲೂರು ತಲುಪಿದ ಸ್ಥಳ ತನಿಖಾ ಸಮಿತಿಯ ವರದಿ.

ಪ್ರಸ್ತಾವನೆ

ಕಾರುಗಳ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದು ನಿಷೇಧವಾದ ಮೇಲೆ, ಆ ಕೆಲಸ ಮಾಡಿಕೊಂಡಿದ್ದವರೆಲ್ಲ ಅಂಗಡಿಗಳ ಕಡೆಗೆ ತಿರುಗಿರುವುದು ಈ ವಿಭಾಗದ ಗಮನಕ್ಕೆ ಬಂದಿದೆ. ಕಾರಿನ ಗಾಜು ಚಿಕ್ಕದು, ಒಂದೇ ತುಂಡು ಸಾಕಾಗುತ್ತದೆ. ಅಂಗಡಿಯ ಗಾಜು ಹಾಗಲ್ಲ. ವಲಯದ ಅಂಗಡಿಯವರು ಒಬ್ಬರನ್ನೊಬ್ಬರು ನೋಡಿ ಗಾಜನ್ನು ಅಗಲ ಮಾಡಿಸುತ್ತಾ ಹೋಗಿದ್ದಾರೆ. ಫಿಲ್ಮಿನ ಸುರುಳಿ ಮಾತ್ರ ಐದಡಿಗಿಂತ ಅಗಲವಾಗಲು ಒಪ್ಪಿರುವುದಿಲ್ಲ. ಆದ್ದರಿಂದ ಎರಡು ತುಂಡು ಸೇರುವ ಕಡೆ ಒಂದು ಗೆರೆ ಬೀಳುತ್ತದೆ. ಆ ಗೆರೆಯನ್ನು ಎಲ್ಲಿ ಬೀಳಿಸಬೇಕೆಂಬ ಬಗ್ಗೆ ಸಾರ್ವಜನಿಕರಲ್ಲಿ ಭಿನ್ನಾಭಿಪ್ರಾಯ ಉಂಟಾಗಿರುವುದರಿಂದ, ಈ ಕೆಳಗಿನಂತೆ ಸೂಚಿಸಲಾಗಿದೆ.

1. ವ್ಯಾಖ್ಯೆ. "ಗೆರೆ" ಎಂದರೆ ಐದಡಿಯ ಫಿಲ್ಮನ್ನು ಎಂಟಡಿಯ ಗಾಜಿಗೆ ಹಚ್ಚಿದಾಗ ಸಾಲದೆ ಬಂದ ಮೂರಡಿಗೆ ಬೇರೆ ತುಂಡನ್ನು ಸೇರಿಸಿದ ಜಾಗ. ಆಡುಮಾತಿನಲ್ಲಿ ಇದನ್ನು ಜಾಯಿಂಟು ಎನ್ನುವರು. ಗೆರೆಯೇ ಕಾಣದಂತೆ ಅಂಟಿಸಿಕೊಡಿ ಎಂದು ಕೆಲವು ಮಾಲೀಕರು ಕೇಳುವುದುಂಟು. ಅಂಥವರು ಗಾಜನ್ನು ಚಿಕ್ಕದು ಮಾಡಿಕೊಳ್ಳತಕ್ಕದ್ದು.

2. ಹಿಂದಿನ ಸುತ್ತೋಲೆಗಳ ಗತಿ.

(ಅ) ಸುತ್ತೋಲೆ-1ರಲ್ಲಿ ಗೆರೆಯನ್ನು ಅಡ್ಡವಾಗಿ, ಸಾರ್ವಜನಿಕರ ಕಣ್ಣಿನ ಮಟ್ಟಕ್ಕಿಂತ ಮೇಲೆ ಇಡಲು ಆದೇಶಿಸಲಾಗಿತ್ತು. ಯಾವ ಸಾರ್ವಜನಿಕರು ಎಂಬ ಪ್ರಶ್ನೆ ಎದ್ದುದರಿಂದ, ಮೂರೂ ಕಡೆ ಕಣ್ಣಿನ ಎತ್ತರದ ಸಮೀಕ್ಷೆ ನಡೆಸಿ ಸರಾಸರಿ ತೆಗೆಯಲಾಯಿತು. ಸರಾಸರಿಗೆ ಸರಿಹೊಂದುವ ವ್ಯಕ್ತಿಯೊಬ್ಬರು ಬ್ರಹ್ಮಾವರದಲ್ಲಿ ಪತ್ತೆಯಾಗಿದ್ದು, ಅವರಿಗೆ ಅಂಗಡಿಯಲ್ಲಿ ಏನೂ ಬೇಕಾಗಿರಲಿಲ್ಲ. ಎತ್ತರದವರು ಬಗ್ಗಿ ನೋಡಬೇಕೆಂಬ ಸೂಚನೆಯನ್ನು ಪಾಲಿಸಲು ಹೋದವರನ್ನು ಕಳ್ಳರೆಂದು ಹಿಡಿದ ಪ್ರಸಂಗ ನಡೆದುದರಿಂದ ಸದರಿ ಸುತ್ತೋಲೆಯನ್ನು ಹಿಂಪಡೆಯಲಾಯಿತು.

(ಆ) ಸುತ್ತೋಲೆ-2ರಲ್ಲಿ ಗೆರೆಯನ್ನು ಉದ್ದವಾಗಿ, ಮಾಲೀಕರಿಗೆ ಇಷ್ಟ ಬಂದ ಕಡೆ ಇಡಬಹುದೆಂದು ತಿಳಿಸಲಾಗಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಇದರ ಹಿಂದಿನ ಧೋರಣೆ. ಹಾವಿಗೂ ಕೋಲಿಗೂ ಏನೂ ಆಗಲಿಲ್ಲ. ಅಮ್ಮಣ್ಣಿಯವರಿಗೆ ಬಸ್ಸು ತಪ್ಪಿತು.

3. ಪ್ರಕರಣದ ಸ್ಥಳ. ಬೈಂದೂರಿನಲ್ಲಿ ಹೆದ್ದಾರಿಯ ತಿರುವಿಗೆ ತಾಗಿ ಶೈಲೇಶ್ ಎಂಬವರ ಜವಳಿ ಅಂಗಡಿ ಇದೆ. ಅಂಗಡಿ ತಿರುವಿನಲ್ಲಿರುವುದರಿಂದ ಅದರ ಗಾಜು ರಸ್ತೆಗೆ ಓರೆಯಾಗಿದೆ. ಅದರ ಜಗಲಿಯೇ ಬಸ್ಸು ಕಾಯುವ ಸ್ಥಳವೂ ಆಗಿದೆ. ಮರ, ಕಂಬ, ನಿಂತ ಲಾರಿಗಳಿಂದಾಗಿ ಬರುವ ಬಸ್ಸು ಮೈಮೇಲೆ ಬರುವ ತನಕ ಯಾರಿಗೂ ಕಾಣುವುದಿಲ್ಲ. ಆದರೆ ರಸ್ತೆಗೆ ಬೆನ್ನು ಹಾಕಿ, ಗಾಜಿಗೆ ಮುಖ ಮಾಡಿ ನಿಂತವರಿಗೆ ಅದು ದೂರದಲ್ಲಿರುವಾಗಲೇ ಗಾಜಿನೊಳಗೆ ಕಾಣುತ್ತದೆ. ಆದ್ದರಿಂದ ಊರಿನವರು ಬಸ್ಸಿಗೆ ಬೆನ್ನು ಹಾಕಿಯೇ ಬಸ್ಸು ಕಾಯುವ ರೂಢಿ ಇಟ್ಟುಕೊಂಡಿದ್ದಾರೆ. ಇದನ್ನು ಕಂಡು ಬಸ್ಸಿನ ಮೇಲೆ ಜನರಿಗೆ ಸಿಟ್ಟಿದೆಯೆಂದು ಹೊರ ಊರಿನ ಚಾಲಕರು ತಪ್ಪು ತಿಳಿಯಬಾರದೆಂದು ಕೋರಲಾಗಿದೆ.

4. ಬಾಧಿತರು. ಶ್ರೀಮತಿ ಅಮ್ಮಣ್ಣಿ ಅವರು ಪ್ರತಿ ಬೆಳಿಗ್ಗೆ ಮೀನು ಹೊರುವ ಬರಿ ಹೆಡಿಗೆ ಹಿಡಿದು ಗಂಗೊಳ್ಳಿ ಬಂದರಿಗೆ ಹೋಗಿ, ಏಲಂನಲ್ಲಿ (ಹರಾಜಿನಲ್ಲಿ) ಮೀನು ಕೊಂಡು, ಬೈಂದೂರಿನ ವರ್ತನೆ ಮನೆಗಳಿಗೆ, ಅಂದರೆ ಖಾಯಂ ಕೊಳ್ಳುವ ಮನೆಗಳಿಗೆ, ತಲುಪಿಸುವವರು. ಉಳಿದವರು ಅಗತ್ಯ ಬಿದ್ದರೆ ತಿರುಗಿ ನೋಡಬಲ್ಲರು. ಇವರಿಗೆ ಅದು ಸಾಧ್ಯವಿಲ್ಲ; ಮೈಯನ್ನೇ ತಿರುಗಿಸುವಷ್ಟರಲ್ಲಿ ಬಸ್ಸಿನ ಬಾಗಿಲು ಮುಖದೆದುರೇ ಇದ್ದು, ಬಣ್ಣ ನೋಡಲು ಎಡೆಯಿರುವುದಿಲ್ಲ. ಇವರ ಹೇಳಿಕೆಯನ್ನು ಹೇಳಿದ ಹಾಗೆಯೇ ದಾಖಲಿಸಿಕೊಳ್ಳಲಾಗಿದೆ:

"ಹೆಡ್ಗಿ ಹೊತ್ತ್ ಹೊತ್ತ್ ನನ್ ಕುತ್ಗಿ ಮರದ್ ಕೊರಡ್ ಆಯ್ತ್, ತಿರ್ಗುದಿಲ್ಲೆ. ಮುಂಚೆ ಗಾಜಿನೊಳ್ಗೆ ಬಸ್ಸ್ ಚಂದ ಕಾಂತಿತ್ತ್. ನಂಗ್ ಬೋರ್ಡ್ ಓದುಕ್ ಬತ್ತಿಲ್ಲೆ. ಹಸ್ರ್ ಬಸ್ಸ್ ಬಂದ್ರೆ ಗಂಗೊಳ್ಳಿ, ನೀಲಿ ಬಂದ್ರೆ ಕೊಲ್ಲೂರ್. ಈಗ ಆ ಗೆರಿ ಹತ್ರ ಬಂದ್ ಕೂಡ್ಲೆ ಎರ್ಡೂ ಕಪ್ಪ್. ಹತ್ತಿದ್ರೆ ಕೊಲ್ಲೂರಿಗ್ ಹೋತೆ, ಹತ್ತದಿದ್ರೆ ಇಲ್ಲೇ ಬಾಕಿ. ನಾನ್ ಎಂತ ಮಾಡ್ಕ್ ಹೇಳಿ?"

ಬಸ್ಸು ತಪ್ಪಿದ ದಿನ ಏಲಂ ಮುಗಿದಿರುತ್ತದೆ. ಏಲಂ ಮುಗಿದ ದಿನ ವರ್ತನೆ ಮನೆಯವರು, ಪೋಂ ಪೋಂ ಎಂದು ಹಾರ್ನ್ ಒತ್ತಿಕೊಂಡು ಸ್ಕೂಟರಿನಲ್ಲಿ ಮೀನು ತರುವವನಿಂದ ಕೊಳ್ಳುತ್ತಾರೆ. ಒಮ್ಮೆ ಹಾಗೆ ಕೈ ತಪ್ಪಿದ ಮನೆ ಮತ್ತೆ ಅಮ್ಮಣ್ಣಿಯವರನ್ನು ಕರೆಯುವುದಿಲ್ಲ. ಮನೆಗಳು ಒಂದೊಂದಾಗಿ ಹೀಗೆ ಹೋಗುತ್ತಿವೆ. ಈ ವಿಭಾಗದ ಸಿಬ್ಬಂದಿ ವಸತಿಗೃಹವೂ ಹೋದ ಮನೆಗಳಲ್ಲಿ ಸೇರಿದ್ದು, ಸ್ಕೂಟರಿನವನ ಬಂಗುಡೆ ಮೀನು ತಾಜಾ ಇಲ್ಲದೆ ಮೆತ್ತಗಿರುತ್ತದೆಂಬುದನ್ನು ಪ್ರಾಸಂಗಿಕವಾಗಿ ನಮೂದಿಸಲಾಗಿದೆ.

5. ಗೆರೆಯು ಅಲ್ಲಿಗೆ ಬಂದ ಬಗೆ. ಮೊದಲು ಗೆರೆಯನ್ನು ಗಾಜಿನ ನಡುವೆ ಇಡಲಾಗಿತ್ತು. ನಡುವೆ ಸೀರೆ ಉಟ್ಟ ಗೊಂಬೆಯೊಂದು ನಿಂತಿದೆ. ಗೆರೆ ಅದರ ಮುಖದ ಮೇಲೆ ಬಂದುದರಿಂದ ಮಾಲೀಕರು ಫಿಲ್ಮನ್ನು ಕಿತ್ತು ಬೇರೆ ಹಾಕಿಸಿದ್ದಾರೆ. ಮಾಲೀಕರ ಹೇಳಿಕೆ:

"ಗೊಂಬಿ ಮುಖದ್ ಮೇಲ್ ಗೆರಿ ಬಂದ್ರೆ ಸೀರಿ ಯಾರ್ ಕಾಂತ್ರ್ ಮಾರಾಯ್ರೆ? ಮದ್ವಿ ಸೀರಿ ತೆಗುಕೆ ಬಂದರ್ 'ಇದ್ಕ್ ಎಂತ ಪಾರ್ಶ್ವವಾಯುವಾ' ಅಂತ ಕೇಂತ್ರ್. ಫಿಲ್ಮ್ ಹಾಕದಿದ್ರೆ ಬಿಸ್ಲಿಗೆ ಸೀರಿ ಬಣ್ಣ ಹೋತ್ತ್. ಅಮ್ಮಣ್ಣಿ ಅಕ್ಕ ಸ್ವಲ್ಪ ಬದಿಗ್ ನಿಂತ್ಕಣ್ಲಿ ಅಂದೆ. ಬದಿಗ್ ನಿಂತ್ರೆ ಬಸ್ಸೇ ಕಾಣುದಿಲ್ಲೆ ಅಂದ್ರ್."

ಬಸ್ಸು ಕಾಣುವುದು ಗಾಜಿನ ಎಡಭಾಗದಲ್ಲಿ. ಗೆರೆಯನ್ನು ಬಲಕ್ಕೆ ತರಬಹುದಿತ್ತಲ್ಲ ಎಂದು ಕೇಳಲಾಗಿ, ಬಲಭಾಗದಲ್ಲಿ ಅಂಗಡಿಯ ಹೆಸರು ಬರೆದಿದ್ದು, ಅಂಗಡಿಗೆ ದೇವರ ಹೆಸರಿಟ್ಟಿರುವುದರಿಂದ, ದೇವರ ಮೇಲೆ ಗೆರೆ ಎಳೆಯಲು ಯಾರೂ ಒಪ್ಪಲಿಲ್ಲವೆಂದು ತಿಳಿದುಬಂದಿದೆ. ದೇವರಿಗೂ ಬೇಡ, ಗೊಂಬೆಗೂ ಬೇಡ ಎಂದ ಮೇಲೆ ಉಳಿದದ್ದು ಅಮ್ಮಣ್ಣಿಯವರು ನೋಡುವ ಎಡಗಡೆ.

6. ಗೆರೆಯು ದಪ್ಪವಾದ ಬಗೆ. ಸಾಮಾನ್ಯವಾಗಿ ಎರಡು ತುಂಡುಗಳ ಅಂಚು ಒಂದಕ್ಕೊಂದು ತಾಗುವಂತೆ ಅಂಟಿಸಿದರೆ ಕೂದಲೆಳೆಯಷ್ಟೇ ಗೆರೆ ಕಾಣುತ್ತದೆ. ಇಲ್ಲಿ ಒಂದರ ಮೇಲೊಂದನ್ನು ನಾಲ್ಕು ಬೆರಳು ಏರಿಸಿ ಅಂಟಿಸಲಾಗಿದೆ. ಎರಡು ಪದರ ಸೇರಿದ ಆ ಪಟ್ಟಿಯೇ ಬಸ್ಸುಗಳನ್ನು ಕಪ್ಪು ಮಾಡಿದೆ. ಫಿಲ್ಮ್ ಅಂಟಿಸಿದ ಚಂದಯ್ಯ ಎಂಬವರು ಹಂಗಾರಕಟ್ಟೆಯವರಾಗಿದ್ದು, ದೋಣಿ ಕಟ್ಟುವ ಮನೆತನದವರು. ಕಾರಿನ ಫಿಲ್ಮಿಗೆ ಹೋಗುವ ಮೊದಲು ದೋಣಿಯ ಹಲಗೆಗಳ ಸಂದಿ ಮುಚ್ಚುವ ಕೆಲಸ ಮಾಡಿದವರು. ಅವರ ಹೇಳಿಕೆ:

"ಜೋಡ್ಸಿದ್ ಕಡಿ ಸಂದಿ ಬಿಡುಕಾಗ, ಅಲ್ಲಿಂದ್ಲೇ ನೀರ್ ಒಳ ಬಪ್ಪುದ್ ಅಂತ ನನ್ನಪ್ಪ ಹೇಳ್ತಿದ್ದ. ಸಂದಿ ಬಿಟ್ರೆ ನಂಗೆ ರಾತ್ರಿ ನಿದ್ರಿ ಬತ್ತಿಲ್ಲೆ. ಹಾಂಗಾಯಿ ಒಂದ್ ನಾಲ್ಕ್ ಬೆರಳ್ ಏರ್ಸಿ ಹಾಕಿದೆ."

ಅಂಗಡಿ ತೇಲುವ ವಸ್ತುವಲ್ಲ ಎಂದು ತಿಳಿಹೇಳಲಾಗಿ, ಸದರಿಯವರು "ನೀವ್ ಮಳಿಗಾಲದಲ್ ಆ ರಸ್ತಿ ಕಂಡಿದ್ರಿಯಾ?" ಎಂದು ಮರುಪ್ರಶ್ನೆ ಹಾಕಿದ್ದಾರೆ. ಈ ಪ್ರಶ್ನೆಗೆ ಉತ್ತರ ಕೊಡುವುದು ಬೇರೆ ಇಲಾಖೆಯ ವ್ಯಾಪ್ತಿಗೆ ಬರುತ್ತದೆ.

7. ಮಧ್ಯಂತರ ಕ್ರಮಗಳು. ದೂರು ಬಂದ ಕೂಡಲೇ ವಿಭಾಗವು ಕೈಕಟ್ಟಿ ಕುಳಿತಿಲ್ಲವೆಂದು ತೋರಿಸಲು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಲಾಯಿತು.

(ಅ) ಕುತ್ತಿಗೆ ತಿರುಗುವುದಿಲ್ಲವೆಂಬುದಕ್ಕೆ ವೈದ್ಯರ ದೃಢಪತ್ರ ತರಲು ಅಮ್ಮಣ್ಣಿಯವರಿಗೆ ಸೂಚಿಸಲಾಯಿತು. ಅವರು ತಂದರು. ಎಡಕ್ಕೆ ತಿರುಗುವುದಿಲ್ಲವೋ ಬಲಕ್ಕೆ ತಿರುಗುವುದಿಲ್ಲವೋ ಎಂದು ಅದರಲ್ಲಿ ಸ್ಪಷ್ಟವಿಲ್ಲದ ಕಾರಣ ಹಿಂದಿರುಗಿಸಲಾಯಿತು. ಎರಡನೇ ಪತ್ರದಲ್ಲಿ ವೈದ್ಯರು "ಯಾವ ಕಡೆಗೂ ಇಲ್ಲ, ದಯವಿಟ್ಟು ಇನ್ನು ಕಳಿಸಬೇಡಿ" ಎಂದು ಬರೆದಿದ್ದು, ಅದನ್ನು ಅಂಗೀಕರಿಸಲಾಗಿದೆ. ಎರಡೂ ಸಲ ಅವರು ಆಸ್ಪತ್ರೆಯ ಸಾಲಿನಲ್ಲಿದ್ದಾಗ ಗಂಗೊಳ್ಳಿ ಬಸ್ಸು ಹೋಗಿದೆ.

(ಆ) ನೀಲಿ ಬಸ್ಸಿಗೆ ಬಿಳಿ ಬಣ್ಣ ಬಳಿಯುವಂತೆ ಅದರ ಮಾಲೀಕರನ್ನು ಕೋರಲಾಯಿತು. ನೀಲಿ ತಮಗೆ ಆಗಿಬರುವ ಬಣ್ಣವೆಂದು ಜೋಯಿಸರು ಹೇಳಿದ್ದಾರೆಂದೂ, ಬೇಕಾದರೆ ಹಸಿರು ಬಸ್ಸಿನವರನ್ನು ಕೇಳಿ ಎಂದೂ ಅವರು ಉತ್ತರಿಸಿದ್ದಾರೆ. ಹಸಿರು ಬಸ್ಸಿನವರೂ ಅದೇ ಜೋಯಿಸರ ಹೆಸರು ಹೇಳಿದ್ದಾರೆ.

(ಇ) ಬಸ್ಸು ಬಂದಾಗ ಜೊತೆಯಲ್ಲಿ ನಿಂತವರು "ಅಕ್ಕಾ, ಗಂಗೊಳ್ಳಿ ಬಂತ್" ಎಂದು ಕೂಗಿ ಹೇಳುತ್ತಿದ್ದುದನ್ನು ವಿಭಾಗದ ಸಿಬ್ಬಂದಿಯೊಬ್ಬರು ಕಂಡು, ಅನುಮತಿ ಇಲ್ಲದೆ ಸಾರ್ವಜನಿಕ ಪ್ರಕಟಣೆ ಮಾಡುವುದು ಸರಿಯಲ್ಲವೆಂದು ತಡೆದಿದ್ದಾರೆ. ಅನುಮತಿಯ ಅರ್ಜಿ ಮೂರೂ ವಲಯಗಳ ಒಪ್ಪಿಗೆಗಾಗಿ ಸುತ್ತುತ್ತಿದ್ದು, ಸದ್ಯ ಬ್ರಹ್ಮಾವರದಲ್ಲಿದೆ. ಈ ತಡೆಯನ್ನು ಈ ಮೂಲಕ ತೆರವು ಮಾಡಲಾಗಿದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡ ಸದರಿ ಸಿಬ್ಬಂದಿಗೆ ಏನನ್ನಬೇಕೆಂದು ವಿಭಾಗಕ್ಕೆ ತೋಚುತ್ತಿಲ್ಲ.

(ಈ) ಕಾಲೇಜು ವಿದ್ಯಾರ್ಥಿಗಳು ಗಾಜಿನ ಗೆರೆಯನ್ನೇ ಅಳತೆಯಾಗಿಟ್ಟುಕೊಂಡು ಬೈತಲೆ ತೆಗೆಯುವುದನ್ನು ನಿಲ್ಲಿಸತಕ್ಕದ್ದು. ಗೆರೆ ಸ್ಥಳಾಂತರವಾದ ದಿನ ಬೈತಲೆಯೂ ಸ್ಥಳಾಂತರವಾಗಿ, ಮನೆಯಲ್ಲಿ ಪ್ರಶ್ನೆಗಳು ಏಳುವುವು.

8. ಸ್ಥಳ ತನಿಖೆ. ಮೂರು ವಲಯಗಳಿಂದ ಒಬ್ಬೊಬ್ಬರಂತೆ ಆರಿಸಿದ ಸಮಿತಿಯು ಸಹಾಯಕ ನಿಯಂತ್ರಕರ ಮುಂದಾಳುತನದಲ್ಲಿ ಸ್ಥಳಕ್ಕೆ ಭೇಟಿ ನೀಡಿತು. ಪರೀಕ್ಷೆ ನ್ಯಾಯಸಮ್ಮತವಾಗಿರಲೆಂದು ಸದಸ್ಯರೆಲ್ಲರ ಕುತ್ತಿಗೆಗೆ ಬೈರಾಸು (ಟವೆಲು) ಬಿಗಿಯಾಗಿ ಸುತ್ತಿ, ತಿರುಗದಂತೆ ಮಾಡಲಾಯಿತು. ಎಲ್ಲರೂ ಗಾಜಿಗೆ ಮುಖ ಮಾಡಿ, ಅಮ್ಮಣ್ಣಿಯವರ ಪಕ್ಕದಲ್ಲಿ ನಿಂತರು. ಆ ದಿನ ಬೈಂದೂರಿನ ಒಂದು ಮನೆಯಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದು, ಊಟಕ್ಕೆ ಕಾಣೆ ಮೀನು ಬೇಕೆಂದು ಅಮ್ಮಣ್ಣಿಯವರಿಗೇ ಹೇಳಿದ್ದರು. ಎಷ್ಟೋ ಕಾಲದಿಂದ ಅವರನ್ನು ಬಿಡದೆ ಉಳಿಸಿಕೊಂಡ ಮನೆ ಅದು. ಬಸ್ಸು ತಪ್ಪಿಸಬೇಡಿ ಎಂದು ಅಮ್ಮಣ್ಣಿಯವರು ಸಮಿತಿಗೆ ಮೊದಲೇ ತಿಳಿಸಿದ್ದರು. ಸಮಿತಿಯು ಭರವಸೆ ನೀಡಿತ್ತು.

ಗಾಜಿನಲ್ಲಿ ಬಸ್ಸೊಂದು ಕಂಡಿತು. ಗೆರೆಯ ಹತ್ತಿರ ಬಂದಾಗ ಕಪ್ಪಾಯಿತು. ಹಸಿರೆಂದು ಸಮಿತಿಗೆ ಸರ್ವಾನುಮತದಿಂದ ಅನ್ನಿಸಿತು. ಅಮ್ಮಣ್ಣಿಯವರು "ಇದ್ ಗಂಗೊಳ್ಳಿದೇ ಅಲ್ದಾ?" ಎಂದು ಕೇಳಿದರು. ಸಹಾಯಕ ನಿಯಂತ್ರಕರು ಹೌದೆಂದು ಅಧಿಕೃತವಾಗಿ ಹೇಳಿದರು. ಬಿಗಿದ ಬೈರಾಸಿನಿಂದ ತಗ್ಗಿಯೂ ಹೊರಳಿಯೂ ನೋಡಲಾಗದೆ, ಎದುರಿನ ಬಾಗಿಲನ್ನಷ್ಟೇ ಕಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಎಲ್ಲರೂ ಹತ್ತಿದರು. ಕಂಡಕ್ಟರರು ಬೈರಾಸುಗಳನ್ನು ನೋಡಿ, "ಹ್ವಾಯ್, ನಿಮ್ಗೆಲ್ಲ ಎಂತ ಹರಕಿಯಾ?" ಎಂದು ವಿಚಾರಿಸಿದಾಗಲೂ ಸಮಿತಿಗೆ ಸಂಶಯ ಬರಲಿಲ್ಲ. ಬಸ್ಸಿನ ತುಂಬ ಹೂವು ಹಣ್ಣಿನ ಬುಟ್ಟಿಗಳಿದ್ದುದನ್ನೂ, ಅಮ್ಮಣ್ಣಿಯವರ ಹೆಡಿಗೆಯ ವಾಸನೆಗೆ ಪಕ್ಕದವರು ಎದ್ದು ಹೋದುದನ್ನೂ ಸಮಿತಿಯು ಗಮನಿಸಿತ್ತು, ಆದರೆ ಅರ್ಥ ಮಾಡಿಕೊಂಡಿರಲಿಲ್ಲ. ಬಸ್ಸು ಕಾಡಿನ ದಾರಿ ಹಿಡಿದಾಗ ಸದಸ್ಯರು ಬೈರಾಸು ಬಿಚ್ಚಿ ಸುತ್ತ ನೋಡಿದರು. ಇಳಿಯಲು ಊರಿಲ್ಲದ ಜಾಗವಾಗಿತ್ತು.

ಮರಳಿ ಬರುವಷ್ಟರಲ್ಲಿ ಗಂಗೊಳ್ಳಿಯಲ್ಲಿ ಏಲಂ ಮುಗಿದಿತ್ತು. ಆ ಮನೆಯವರು ಸ್ಕೂಟರಿನವನಿಂದ ಮೀನು ಕೊಂಡರು. ಬೈಂದೂರಿನಲ್ಲಿ ಇಳಿಯುವಾಗ ಸಹಾಯಕ ನಿಯಂತ್ರಕರು ತಪ್ಪಾಯಿತೆಂದು ಹೇಳಿದ್ದಕ್ಕೆ ಅಮ್ಮಣ್ಣಿಯವರು ಹೇಳಿದ್ದು ಹೀಗೆ:

"ಹೋಯ್ಲಿ ಬಿಡಿ. ನೀವ್ ಕುತ್ಗಿ ತಿರ್ಗದೆ ಒಂದ್ ಸಲ ಬಸ್ಸ್ ಹತ್ತಿ ಕಂಡ್ರಿ. ನಂಗೆ ಇದ್ ದಿನಾ."

ಈ ಮಾತಿನಿಂದ ವಿಭಾಗಕ್ಕೆ ನಾಚಿಕೆಯಾಗಿದೆ. ನಾಚಿಕೆಗಾಗಿ ಪ್ರತ್ಯೇಕ ಕಡತ ತೆರೆಯಲು ಅವಕಾಶವಿಲ್ಲದ ಕಾರಣ ಇಲ್ಲಿಯೇ ನಮೂದಿಸಲಾಗಿದೆ. ಕೊಲ್ಲೂರಿನಲ್ಲಿ ಸಮಿತಿಯು ದೇವರ ದರ್ಶನ ಮಾಡಿದ್ದು ಕರ್ತವ್ಯದ ಭಾಗವಾಗಿ ಪರಿಗಣಿಸಲ್ಪಡುವುದಿಲ್ಲ.

9. ಮಾಲೀಕರ ಆಕ್ಷೇಪ. ವರದಿಯ ಪ್ರತಿಯನ್ನು ಕಳಿಸಿದಾಗ ಶೈಲೇಶ್ ಅವರು ಗೊಂಬೆಯ ಹಕ್ಕಿನ ಬಗ್ಗೆ ಲಿಖಿತ ಆಕ್ಷೇಪ ಸಲ್ಲಿಸಿದ್ದಾರೆ. ಗೊಂಬೆಯನ್ನು ದೂರದ ಮುಂಬಯಿಯಿಂದ ತರಿಸಲಾಗಿದೆ, ಅದು ನಕ್ಕ ಮುಖದ್ದು, ಗೆರೆ ಬಂದರೆ ನಗು ಅರ್ಧವಾಗುತ್ತದೆ, ಅರ್ಧ ನಗುವ ಗೊಂಬೆ ಉಟ್ಟ ಸೀರೆಯನ್ನು ಮದುವೆಗೆ ಯಾರೂ ಒಯ್ಯುವುದಿಲ್ಲ ಎಂಬುದು ಅದರ ಸಾರ. ಗೊಂಬೆಯನ್ನು ಸ್ವಲ್ಪ ಬದಿಗೆ ಸರಿಸಬಹುದಲ್ಲ ಎಂದು ಕೇಳಲಾಗಿ, ಅದರ ಕಾಲಡಿಯ ಹಲಗೆಯನ್ನು ನೆಲಕ್ಕೆ ಗಟ್ಟಿಯಾಗಿ ಕೂರಿಸಲಾಗಿದೆಯೆಂದು ತಿಳಿಸಿದ್ದಾರೆ. ಕೂರಿಸಿದವರು ಚಂದಯ್ಯನವರೇ ಆಗಿದ್ದು, ದೋಣಿಯ ಪಟ್ಟು ಹಾಕಿ ಬಿಗಿದಿದ್ದಾರೆ. ಇನ್ನು ಅದು ಅಲುಗುವುದಿಲ್ಲವೆಂದು ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ.

ಆಕ್ಷೇಪವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಮಾಲೀಕರು ಕೆಟ್ಟವರಲ್ಲ, ಅಮ್ಮಣ್ಣಿಯವರಿಗೆ ಕುಳಿತುಕೊಳ್ಳಲು ಜಗಲಿಯಲ್ಲಿ ಒಂದು ಸ್ಟೂಲನ್ನೂ ಕೊಟ್ಟಿದ್ದಾರೆ. ಆದರೆ ಸ್ಟೂಲಿನಲ್ಲಿ ಕುಳಿತರೆ ಗಂಗೊಳ್ಳಿ ಹತ್ತಿರ ಬರುವುದಿಲ್ಲ.

10. ಆದೇಶ. ಮೇಲಿನ ಎಲ್ಲವನ್ನೂ ಪರಿಗಣಿಸಿ ಈ ಕೆಳಗಿನಂತೆ ಆದೇಶಿಸಲಾಗಿದೆ.

(ಅ) ಅಂಗಡಿಯು ದೋಣಿಯಲ್ಲವೆಂದು ಈ ಮೂಲಕ ಘೋಷಿಸಲಾಗಿದೆ. ಗೆರೆಯಲ್ಲಿ ಫಿಲ್ಮನ್ನು ಏರಿಸದೆ, ಅಂಚಿಗೆ ಅಂಚು ತಾಗುವಂತೆ ಅಂಟಿಸತಕ್ಕದ್ದು. ನಿದ್ರೆ ಬಾರದಿದ್ದಲ್ಲಿ ಚಂದಯ್ಯನವರು ಒಂದು ಮಳೆಗಾಲ ಕಾದು ನೋಡತಕ್ಕದ್ದು.

(ಆ) ಹೊಸ ಫಿಲ್ಮ್ ಹಾಕುವಾಗ ಏಳುವ ಗುಳ್ಳೆಗಳನ್ನು ಬಸ್ಸು ಕಾಯುವವರು ಸೇಫ್ಟಿ ಪಿನ್ನಿನಿಂದ ಚುಚ್ಚತಕ್ಕದ್ದಲ್ಲ.

(ಇ) ಮೂರೂ ವಲಯಗಳಲ್ಲಿ ಗೆರೆ ಹಾಕುವ ಮೊದಲು, ಆ ಗಾಜಿನಲ್ಲಿ ಯಾರು ಏನನ್ನು ನೋಡುತ್ತಿದ್ದಾರೆಂದು ಒಮ್ಮೆ ಹೊರಗೆ ನಿಂತು ವಿಚಾರಿಸತಕ್ಕದ್ದು. ಒಳಗಿನಿಂದ ಇದು ತಿಳಿಯುವುದಿಲ್ಲ.

(ಈ) ಬೈಂದೂರಿನ ಸದರಿ ಅಂಗಡಿಯಲ್ಲಿ ಎಡಗಡೆಯ ಗೆರೆಯನ್ನು ಕೂಡಲೇ ಕಿತ್ತು, ಗೊಂಬೆಯ ಮುಖದ ಮೇಲೆಯೇ ಹಾಕತಕ್ಕದ್ದು. ಕಾರಣ ಬರೆಯಲು ಈ ವಿಭಾಗದಲ್ಲಿ ನಿಗದಿತ ಪದಗಳಿಲ್ಲದ ಕಾರಣ, ಸಾದಾ ಮಾತಿನಲ್ಲಿ ಬರೆಯಲಾಗಿದೆ: ಗೊಂಬೆಗೆ ಎಲ್ಲಿಗೂ ಹೋಗಲಿಕ್ಕಿಲ್ಲ. ಅಮ್ಮಣ್ಣಿಯವರಿಗೆ ಗಂಗೊಳ್ಳಿಗೆ ಹೋಗಲಿಕ್ಕಿದೆ.

ಸಹಿ/-
ಸಹಾಯಕ ನಿಯಂತ್ರಕರು (ಗೆರೆ)
ಹಾಗೂ ಸ್ಥಳ ತನಿಖಾ ಸಮಿತಿಯ ಮುಂದಾಳು

ಪ್ರತಿಗಳು:

1. ಶ್ರೀ ಶೈಲೇಶ್, ಜವಳಿ ಅಂಗಡಿ, ಬೈಂದೂರು. ಪಾಲನೆಗಾಗಿ. ಗಾಜಿಗೆ ಅಂಟಿಸಬಾರದು.

2. ಶ್ರೀ ಚಂದಯ್ಯ, ಹಂಗಾರಕಟ್ಟೆ. ಅಂಚಿಗೆ ಅಂಚು ಎಂಬುದನ್ನು ಗಮನಿಸಲು.

3. ಹಸಿರು ಹಾಗೂ ನೀಲಿ ಬಸ್ಸಿನ ಮಾಲೀಕರು. ಜೋಯಿಸರಿಗೆ ತೋರಿಸಲು ತಲಾ ಒಂದು ಹೆಚ್ಚುವರಿ ಪ್ರತಿಯೊಂದಿಗೆ.

4. ಬ್ರಹ್ಮಾವರ ವಲಯ ಕಚೇರಿ. ಬಸ್ಸು ಬಂತೆಂದು ಕೂಗುವ ಅನುಮತಿಯ ಅರ್ಜಿಯನ್ನು ಇನ್ನು ಹುಡುಕುವ ಅಗತ್ಯವಿಲ್ಲ.

5. ಸಿಬ್ಬಂದಿ ವಸತಿಗೃಹದ ಅಡುಗೆಯವರು. ನಾಳೆಯಿಂದ ಸ್ಕೂಟರಿನವನಿಗೆ ಬೇಡವೆಂದು ತಿಳಿಸಲು.

6. ಶ್ರೀಮತಿ ಅಮ್ಮಣ್ಣಿ, ಮೀನು ವ್ಯಾಪಾರಿ, ಬೈಂದೂರು. ಈ ಪ್ರತಿಯನ್ನು ಗಂಗೊಳ್ಳಿ ಬಸ್ಸಿನ ಒಳಗೆ, ಬಸ್ಸು ಹೊರಟ ಮೇಲೆ, ಕಂಡಕ್ಟರರ ಮೂಲಕ ಓದಿ ಹೇಳಿಸತಕ್ಕದ್ದು. ಅವರು ಬಸ್ಸಿನಲ್ಲಿಲ್ಲದಿದ್ದರೆ ಬಸ್ಸನ್ನು ನಿಲ್ಲಿಸತಕ್ಕದ್ದು.